ವಾರ್ಡಿನ ಬಾಗಿಲಾಚೆ ನಿಂತವರು: ಮಧುಮೇಹ ಪಾದದ ಒಂದು ಪ್ರಕರಣ

ಕೇಸ್ ಶೀಟಿನಲ್ಲಿ ಈ ಪ್ರಕರಣದ ಮೊದಲ ಭಾಗ ಒಂದೇ ಸಾಲಿಗೆ ಮುಗಿಯುತ್ತದೆ: ‘ಶಸ್ತ್ರಚಿಕಿತ್ಸೆಗೆ ಒಪ್ಪಿಲ್ಲ, ವೈದ್ಯರ ಸಲಹೆ ಮೀರಿ ಬಿಡುಗಡೆ.’ ಕೆಳಗೆ ಮಗನ ಸಹಿ, ಡ್ಯೂಟಿ ಡಾಕ್ಟರ ಸಹಿ, ದಿನಾಂಕ, ಸಮಯ. ಕಾನೂನಿಗೆ ಅಷ್ಟು ಸಾಕು. ಆದರೆ ವಾರ ಕಳೆಯುವಷ್ಟರಲ್ಲಿ ಅದೇ ರೋಗಿ ಚಳಿಜ್ವರದಲ್ಲಿ ನಡುಗುತ್ತ ಅದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಎರಡು ಬೆರಳು ತೆಗೆದರೆ ಮುಗಿಯಬಹುದಾಗಿದ್ದದ್ದು ಮಂಡಿಯ ಕೆಳಗೆ ಕಾಲನ್ನೇ ತೆಗೆಯುವ ತನಕ ಹೋಯಿತು. ಆ ಒಂದು ಸಾಲಿನ ಹಿಂದೆ ಏನೇನಿತ್ತು ಎಂದು ನೋಡಲು ಆಸ್ಪತ್ರೆಯ ಗುಣಮಟ್ಟ ತಂಡ ತೀರ್ಮಾನಿಸಿತು. ಆ ತಂಡದಲ್ಲಿ ನಾನೂ ಇದ್ದೆ. ವಾರ್ಡಿನ ಸಿಬ್ಬಂದಿ, ವೈದ್ಯರು, ಕೊನೆಗೆ ಮನೆಯವರು, ಇವರೆಲ್ಲರ ಜೊತೆ ಮಾತಾಡಿ ಜೋಡಿಸಿದ ಚಿತ್ರ ಇದು.

ಆಸ್ಪತ್ರೆಯ ಮತ್ತು ಊರಿನ ಹೆಸರು ಇಲ್ಲಿ ಇಲ್ಲ. ಗುರುತು ಹತ್ತದಂತೆ ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದೆ. ರೋಗಿಯನ್ನು ತಾಯಿ ಎಂದೇ ಕರೆಯುತ್ತೇನೆ. ಜೊತೆಗಿದ್ದವರು ಮಗ ಮತ್ತು ಸೊಸೆ.

ಹಿನ್ನೆಲೆ

ಅಭಿವೃದ್ಧಿಶೀಲ ದೇಶಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳನ್ನು ಒಳಗಿನಿಂದ ಕಂಡವರಿಗೆ ಈ ಆಸ್ಪತ್ರೆಯ ಪರಿಚಯ ಹೆಚ್ಚು ಬೇಕಾಗಿಲ್ಲ. ಸುತ್ತಲಿನ ಸಣ್ಣ ಆಸ್ಪತ್ರೆಗಳು ಕೈಚೆಲ್ಲಿದವರೆಲ್ಲ ಬಂದು ಸೇರುವ ಜಾಗ. ಮಂಚಗಳಿಗಿಂತ ರೋಗಿಗಳು ಹೆಚ್ಚು, ಹಾಗಾಗಿ ಎರಡು ಮಂಚಗಳ ನಡುವೆ ನೆಲದ ಮೇಲೂ ಹಾಸಿಗೆ. ರಾತ್ರಿ ಪಾಳಿಯಲ್ಲಿ ಇಡೀ ಹೆಂಗಸರ ಸರ್ಜಿಕಲ್ ವಾರ್ಡಿಗೆ ಒಬ್ಬರೇ ಸಿಸ್ಟರ್.

ಇಷ್ಟು ಜನರಿಂದ ಇಷ್ಟು ದೊಡ್ಡ ವಾರ್ಡು ಹೇಗೆ ನಡೆಯುತ್ತದೆ? ರೋಗಿಯ ಜೊತೆಗಿರುವವರು ನಡೆಸುತ್ತಾರೆ. ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸುವುದು, ಬೆಡ್‌ಪ್ಯಾನ್ ಇಡುವುದು, ಡ್ರಿಪ್ ಮುಗಿಯುತ್ತ ಬಂದರೆ ಸಿಸ್ಟರನ್ನು ಕೂಗುವುದು, ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ದು ರಿಪೋರ್ಟು ತರುವುದು, ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ’ ಅಂದದ್ದನ್ನು ಹೊರಗೆ ಕೊಂಡು ತರುವುದು, ರಕ್ತ ಬೇಕೆಂದರೆ ಕೊಡುವವರನ್ನು ಹುಡುಕುವುದು, ಇದೆಲ್ಲ ಅವರ ಪಾಲು. ಒಂದು ದಿನ ಅವರೆಲ್ಲ ಬರದಿದ್ದರೆ ಮಧ್ಯಾಹ್ನದೊಳಗೆ ವಾರ್ಡು ನಿಂತುಹೋಗುತ್ತದೆ. ಆದರೂ ಆಸ್ಪತ್ರೆಯ ನಿಯಮದಲ್ಲಿ ಅವರ ಸ್ಥಾನ ಅಡ್ಡಿಯದು. ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮೊದಲು ಗಾರ್ಡ್ ಬಂದು ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ವೈದ್ಯರು ಹೋದ ಮೇಲೆ ಒಳಗೆ ಬಿಡುತ್ತಾನೆ. ಹೆಂಗಸರ ವಾರ್ಡಾದ್ದರಿಂದ ಗಂಡಸರಿಗೆ ರಾತ್ರಿಯೂ ಪ್ರವೇಶವಿಲ್ಲ. ಎರಡು ನಿಯಮಕ್ಕೂ ತಕ್ಕ ಕಾರಣ ಇದೆ. ಗುಂಪು ಕಟ್ಟಿಕೊಂಡರೆ ಪರೀಕ್ಷೆ ಮಾಡಲಾಗದು, ಹೆಂಗಸರಿಗೆ ಮರ್ಯಾದೆ ಬೇಕು, ಸೋಂಕಿನ ಭಯವೂ ಉಂಟು. ಆದರೆ ಎರಡೂ ಸೇರಿದಾಗ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ತಾಯಿಗೆ ಐವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಹಳೆಯದು, ಮಾತ್ರೆ ಮಾತ್ರ ಆಗಾಗ. ಬಲಗಾಲಿನ ಎರಡು ಬೆರಳು ಕಪ್ಪಾಗಿ, ಅಡಿಯಲ್ಲಿ ಕೀವು ತುಂಬಿತ್ತು. ಎಕ್ಸ್‌ರೇಯಲ್ಲಿ ಬೆರಳಿನ ಮೂಳೆಗೂ ಸೋಂಕು ತಗುಲಿದ ಗುರುತು. ಹಿಮ್ಮಡಿಯ ಪಕ್ಕ ನಾಡಿ ಕೈಗೆ ಸಿಗುತ್ತಿತ್ತು, ಎಂದರೆ ಪಾದಕ್ಕೆ ರಕ್ತ ಹರಿಯುತ್ತಿತ್ತು. ಬೇಗ ಕೀವು ತೆಗೆದು, ಸತ್ತ ಬೆರಳುಗಳನ್ನು ತೆಗೆದರೆ ಪಾದ ಉಳಿಯುವ ಸಾಧ್ಯತೆ ಚೆನ್ನಾಗಿತ್ತು. ಇಂಥ ಪಾದದ ಮಟ್ಟಿಗೆ ಹೊತ್ತು ಕಳೆದಷ್ಟೂ ಅಂಗ ಕಳೆಯುತ್ತದೆ.

ಒಂದು ಸಂಗತಿ ಮಾತ್ರ ವೈದ್ಯರಿಗೆ ತೀರ ಮಾಮೂಲಿ, ಮನೆಯವರಿಗೆ ನಂಬಲಾಗದ್ದು. ಆ ಕಾಲು ನೋಯುತ್ತಿರಲಿಲ್ಲ. ಮಧುಮೇಹ ಕಾಲಿನ ನರಗಳನ್ನು ಸಾಯಿಸಿದಾಗ ಗಾಯ ಎಷ್ಟು ಆಳಕ್ಕೆ ಇಳಿದರೂ ನೋವು ಗೊತ್ತಾಗುವುದಿಲ್ಲ. ನೋಯದ ಕಾಲನ್ನು ಕತ್ತರಿಸಬೇಕು ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಹೊರಟುಹೋಗುವ ಮುನ್ನ

ದಾಖಲಾದ ದಿನವೇ ಎಕ್ಸ್‌ರೇಗೆ ಕಳಿಸಿದರು. ಕೈ ಬೆಚ್ಚಗಾಗುವ ತನಕ ಸ್ಟ್ರೆಚರು ಅಲುಗಲಿಲ್ಲ. ಮೊತ್ತ ದೊಡ್ಡದಲ್ಲ, ಮಗ ಕೊಟ್ಟ. ಮರುದಿನ ಒಂದು ಆ್ಯಂಟಿಬಯಾಟಿಕ್ ಹೊರಗಿನಿಂದ ತರಬೇಕಾಯಿತು. ಆಪರೇಷನ್ನಿಗೆ ರಕ್ತ ಇಟ್ಟುಕೊಳ್ಳಬೇಕು, ಬದಲಿಗೆ ರಕ್ತ ಕೊಡುವವರನ್ನು ಕರೆತನ್ನಿ ಎಂದರು. ಮಗ ಆ ಓಡಾಟದಲ್ಲೇ ಮುಳುಗಿದ್ದ. ಈ ಮೂರರಲ್ಲಿ ಯಾವುದೂ ಅವನಿಗೆ ಅನಿರೀಕ್ಷಿತವಾಗಿರಲಿಲ್ಲ, ಮುಂದೆ ಅವನೇ ಹಾಗೆಂದ. ಆದರೆ ಪ್ರತಿಯೊಂದು ಹೆಜ್ಜೆಗೂ ಯಾರಾದರೂ ಏನಾದರೂ ಕೇಳುತ್ತಾರೆ ಎಂಬುದು ಅವನ ಮನಸ್ಸಿನಲ್ಲಿ ಆಗಲೇ ಕೂತಿತ್ತು. ಬಾಂಗ್ಲಾದೇಶದ ಆಸ್ಪತ್ರೆಗಳ ಬಗ್ಗೆ 2001ರಲ್ಲಿ ಬಂದ ಒಂದು ಅಧ್ಯಯನ ರೋಗಿಗಳ ಸಮಾಧಾನವನ್ನು ಅಳೆಯುವಾಗ ಸಂವಹನ, ಶಿಸ್ತು, ಭರವಸೆಗಳ ಸಾಲಿಗೆ ‘ಬಕ್ಷೀಸ’ನ್ನೂ ಸೇರಿಸಿಕೊಂಡಿತ್ತು. ಶ್ರೀಮಂತ ದೇಶಗಳಲ್ಲಿ ತಯಾರಾದ ಪ್ರಶ್ನಾವಳಿಗಳಲ್ಲಿ ಅಂಥ ಪ್ರಶ್ನೆಯೇ ಇರುವುದಿಲ್ಲ. ಸ್ಟ್ರೆಚರ್ ತಳ್ಳುವವನಿಗೆ ಕೊಟ್ಟ ಹಣ ಸರ್ಜನ್ನರ ಮಾತಿನ ತೂಕ ಇಳಿಸುತ್ತದೆ ಎಂಬುದನ್ನು ಹಿಡಿಯಲು ಆ ಪ್ರಶ್ನೆ ಬೇಕು.

ಬೆರಳು ತೆಗೆಯುವ ತೀರ್ಮಾನ ಆದದ್ದು ಬೆಳಗಿನ ರೌಂಡ್ಸಿನಲ್ಲಿ. ಆ ಹೊತ್ತಿಗೆ ಸೊಸೆ ಕಾರಿಡಾರಿನಲ್ಲಿದ್ದಳು, ಗಾರ್ಡ್ ಆಗಷ್ಟೇ “ಏನಮ್ಮ, ದಿನಾ ಹೇಳ್ಬೇಕಾ ನಿಂಗೆ? ಡಾಕ್ಟ್ರು ಬರೋ ಟೈಮು, ನಡಿ ಹೊರಗೆ” ಎಂದು ಕಳಿಸಿದ್ದ. ಮಗ ರಕ್ತನಿಧಿಯ ಮುಂದೆ ಸಾಲಿನಲ್ಲಿದ್ದ. ಯೂನಿಟ್ ಮುಖ್ಯಸ್ಥರು ಗಾಯ ನೋಡಿದರು, ಸುತ್ತ ನಿಂತ ಪಿ.ಜಿ.ಗಳಿಗೆ, ಎಂದರೆ ಸ್ನಾತಕೋತ್ತರ ಓದುತ್ತಿರುವ ವೈದ್ಯರಿಗೆ, ಎರಡು ಪ್ರಶ್ನೆ ಕೇಳಿದರು, ತಾಯಿಯ ಕಡೆ ತಿರುಗಿದರು.

“ಅಮ್ಮಾ, ಈ ಬೆರಳು ತೆಗೀಬೇಕಾಗುತ್ತೆ. ಬಿಟ್ರೆ ಮೇಲಕ್ಕೆ ಹರಡುತ್ತೆ. ಮನೆಯವರು ಯಾರಿದಾರೆ?”

“ಸೊಸೆ ಇದಾಳೆ ಸಾರ್, ಹೊರಗೆ.”

“ಸರಿ.” ತರಬೇತಿಯಲ್ಲಿರುವ ಕಿರಿಯ ವೈದ್ಯ, ಹೌಸ್ ಸರ್ಜನ್ ಕಡೆ ನೋಡಿ, “ಕನ್ಸೆಂಟ್ ತಗೊಳ್ಳಿ” ಎಂದು ಮುಂದಿನ ಮಂಚಕ್ಕೆ ಹೋದರು.

ಒರಟು ಮಾತು ಒಂದೂ ಇಲ್ಲ, ಸುಳ್ಳೂ ಇಲ್ಲ. ಆ ಮುಖ್ಯಸ್ಥರು ರೋಗಿಗಳ ಬಗ್ಗೆ ಕಾಳಜಿ ಇರುವವರು ಎಂದು ವಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಕೇಳಿಸಿಕೊಂಡವರು ತಾಯಿ ಒಬ್ಬರೇ. ಅವರಿಗೆ ನೆನಪುಳಿದದ್ದು ‘ತೆಗೀಬೇಕು’ ಮತ್ತು ‘ಮೇಲಕ್ಕೆ’ ಎಂಬ ಎರಡೇ ಪದ. ಒಳಗೆ ಬಂದ ಸೊಸೆಗೆ ಅವರು ಹೇಳಿದ್ದು, “ಕಾಲು ತೆಗೀತಾರಂತೆ.” ಬೆರಳು ಹೋಗಿ ಕಾಲಾಗಲು ಮೂರು ಗಂಟೆ ಸಾಕಾಯಿತು.

ಸೊಸೆ ನರ್ಸಿಂಗ್ ಟೇಬಲ್ಲಿಗೆ ಹೋದಳು. “ಸಿಸ್ಟರ್, ಡಾಕ್ಟ್ರು ಏನಂದ್ರು?” “ಡಾಕ್ಟ್ರನ್ನೇ ಕೇಳಮ್ಮ, ನಾವು ಹೇಳೋ ಹಾಗಿಲ್ಲ.” ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಸಂಜೆ ಸಿಕ್ಕ ಹೌಸ್ ಸರ್ಜನ್, “ನಾಳೆ ರೌಂಡ್ಸಲ್ಲಿ ಸಾರ್ ಹೇಳ್ತಾರೆ” ಎಂದ. ರೌಂಡ್ಸಿನಲ್ಲಿ ಅವಳು ಇರುವಂತಿಲ್ಲ. ಈ ಸುತ್ತನ್ನು ಅವಳು ನಮಗೆ ವಿವರಿಸಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಆಸ್ಪತ್ರೆ ಎಂದರೆ ಹೀಗೇ ಎಂಬ ಧಾಟಿ ಇತ್ತು.

ಉತ್ತರ ಕೊಟ್ಟವರು ಪಕ್ಕದ ಮಂಚದವರು. “ನಂಗೂ ಮೊದಲು ಬೆರಳು ಅಂದ್ರು. ಆಮೇಲೆ ಪಾದ. ಈಗ ನೋಡು,” ಎಂದು ಹೊದಿಕೆ ಸರಿಸಿ ತೋರಿಸಿದರು. ತೊಡೆಯ ಕೆಳಗೆ ಏನೂ ಇರಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ತಂಡದ ಮೊದಲ ಸಭೆಯಲ್ಲಿ ಬಂದ ವಿವರಣೆ ‘ಅರಿವಿನ ಕೊರತೆ’. ಈ ಎರಡು ಪದ ಆಸ್ಪತ್ರೆಗಳಲ್ಲಿ ಯಾವ ಸೋಲಿಗೆ ಬೇಕಾದರೂ ಒದಗಿಬರುತ್ತವೆ. ಆದರೆ ಆ ಕುಟುಂಬದ ತರ್ಕದಲ್ಲಿ ಕೊರತೆ ಎಲ್ಲಿತ್ತು? ಕಾಲು ನೋಯುತ್ತಿಲ್ಲ, ಬೆರಳಿನಿಂದ ಶುರುವಾದದ್ದು ತೊಡೆಗೆ ಬಂದ ಉದಾಹರಣೆ ಕಣ್ಣ ಮುಂದೆಯೇ ಇದೆ, ಹೆಜ್ಜೆಹೆಜ್ಜೆಗೂ ಹಣ ಕೇಳಿದ ಜಾಗ, ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಇಷ್ಟನ್ನು ಮುಂದಿಟ್ಟುಕೊಂಡು ಯಾರು ಕೂತು ಯೋಚಿಸಿದರೂ ‘ಕತ್ತಿ ಇಟ್ಟರೆ ನಿಲ್ಲುವುದಿಲ್ಲ’ ಎಂಬ ತೀರ್ಮಾನಕ್ಕೇ ಬರುತ್ತಾರೆ. ಪಕ್ಕದ ರೋಗಿಯ ಕಾಲಿನ ರಕ್ತನಾಳಗಳು ಕಟ್ಟಿಹೋಗಿದ್ದವು, ಅಲ್ಲಿ ಗಾಯ ಮಾಯದಿದ್ದುದಕ್ಕೆ ಕಾರಣ ಅದು, ತಾಯಿಯ ಪಾದಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿತ್ತು. ಈ ವ್ಯತ್ಯಾಸ ಗೊತ್ತಿದ್ದವರು ವೈದ್ಯರು ಮಾತ್ರ. ಅಂಥ ಹೋಲಿಕೆ ವಾರ್ಡಿನಲ್ಲಿ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ರಾತ್ರಿ ಸೊಸೆ ಹೊರಗೆ ಬಂದು ಗಂಡನಿಗೆ ಹೇಳಿದಳು. ಮರುದಿನ ಸಂಜೆ ಮಗ ಡ್ಯೂಟಿ ಡಾಕ್ಟರ ಮುಂದೆ ನಿಂತು ಮನೆಗೆ ಕರೆದೊಯ್ಯುತ್ತೇವೆ ಎಂದ. ಆ ಯುವ ವೈದ್ಯ ತುರ್ತು ವಿಭಾಗದ ಎರಡು ಕೇಸುಗಳ ನಡುವೆ ಬಂದು ಕೈಲಾದಷ್ಟು ಹೇಳಿದರು: ಗ್ಯಾಂಗ್ರಿನ್ (ಅಂಗ ಕೊಳೆಯುವುದು), ಸೆಪ್ಸಿಸ್ (ಸೋಂಕು ಇಡೀ ದೇಹವನ್ನು ಬಾಧಿಸುವುದು), ಜೀವಕ್ಕೇ ಅಪಾಯ. ಮಗ ಕೇಳಿದ್ದು ಒಂದೇ ಪ್ರಶ್ನೆ.

“ಬೆರಳು ತೆಗೆದ್ರೆ ಅಲ್ಲಿಗೇ ನಿಲ್ಲುತ್ತೆ ಅಂತ ಗ್ಯಾರಂಟಿ ಕೊಡ್ತೀರಾ ಸಾರ್?”

“ಗ್ಯಾರಂಟಿ ಯಾರೂ ಕೊಡೋಕಾಗಲ್ಲ.”

ಪ್ರಾಮಾಣಿಕ ಉತ್ತರ. ಆದರೆ ಆ ಪ್ರಶ್ನೆಯ ಬೆನ್ನಿಗೆ ಪಕ್ಕದ ಮಂಚ ಇತ್ತು. “ಯಾಕೆ ಹಾಗೆ ಕೇಳ್ತಿದೀರ?” ಎಂದು ಒಂದು ಮಾತು ಹಿಂದಿರುಗಿ ಕೇಳಿದ್ದರೆ ಅದು ಹೊರಬರುತ್ತಿತ್ತೇನೋ. ಅಷ್ಟರಲ್ಲಿ ಆಂಬುಲೆನ್ಸು ಬಂತು ಎಂದು ಕರೆ ಬಂತು. “ಹಾಗಾದ್ರೆ ಸಹಿ ಹಾಕಿ. ಆಮೇಲೆ ನಮ್ಮನ್ನ ಕೇಳ್ಬೇಡಿ.” ಮಗ ಸಹಿ ಹಾಕಿದ. ಡ್ರೆಸಿಂಗ್ ಹೇಗೆ ಮಾಡಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ವಾಪಸು ಬರಬೇಕು ಎಂಬ ಚೀಟಿ ಅವರಿಗೆ ಸಿಗಲಿಲ್ಲ. ಸಲಹೆ ಮೀರಿ ಹೋಗುವವರಿಗೆ ಡಿಸ್ಚಾರ್ಜ್ ಸಲಹೆ ಕೊಡುವ ರೂಢಿಯೇ ಅಲ್ಲಿರಲಿಲ್ಲ.

ಮರಳಿ ಬಂದಾಗ

ಊರಿನಲ್ಲಿ ಪ್ರತಿದಿನ ಯಾರೋ ಒಬ್ಬರು ಬಂದು ಗಾಯ ಕಟ್ಟಿ ಹೋಗುತ್ತಿದ್ದರು. ಅವರಿಗೆ ಡಿಗ್ರಿ ಇರಲಿಲ್ಲ. ಆದರೆ ಮನೆಗೆ ಬರುತ್ತಿದ್ದರು, ಕೂತು ಮಾತಾಡುತ್ತಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ಉತ್ತರಗಳು ತಪ್ಪಾಗಿದ್ದವು. ಬಾಂಗ್ಲಾದೇಶದ ಹಳ್ಳಿಗಾಡಿನ ಸರ್ಕಾರಿ ಆರೋಗ್ಯ ಸೇವೆಗಳ ಕುರಿತು 2001ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಜನರ ಸಮಾಧಾನವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸಿದ್ದು ಸಿಬ್ಬಂದಿಯ ನಡವಳಿಕೆ, ಅದರಲ್ಲೂ ಗೌರವ ಮತ್ತು ಸೌಜನ್ಯ; ವೈದ್ಯಕೀಯ ನೈಪುಣ್ಯ ಅದರ ಹಿಂದೆ ಉಳಿದಿತ್ತು. ಅದನ್ನು ಓದಿದ ವೈದ್ಯರಿಗೆ ಬೇಸರವಾಗುವುದು ಸಹಜ. ಜನರಿಗೆ ನೈಪುಣ್ಯ ಬೇಡ ಎಂದಲ್ಲ. ಅದನ್ನು ಅಳೆಯುವ ಸಾಧನ ಅವರ ಕೈಯಲ್ಲಿಲ್ಲ, ಗೌರವವನ್ನು ಮಾತ್ರ ಯಾರು ಬೇಕಾದರೂ ಅಳೆಯಬಹುದು.

ತಾಯಿ ಮರಳಿ ಬಂದಾಗ ಸೋಂಕಿನ ಕೆಂಪು ಹಿಮ್ಮಡಿಯನ್ನು ದಾಟಿತ್ತು, ಜ್ವರ ಏರಿತ್ತು, ಮಾತು ತಡವರಿಸುತ್ತಿತ್ತು. ರಾತ್ರಿ ಪಾಳಿಯಲ್ಲಿದ್ದ ಹಿರಿಯ ಸಿಸ್ಟರಿಗೆ ಮುಖ ನೆನಪಿತ್ತು. ‘ಅವತ್ತೇ ಹೇಳಿದ್ವಲ್ಲ’ ಎಂಬ ಮಾತು ಆಕೆಯ ಬಾಯಿಂದ ಬರಲಿಲ್ಲ, ಬೇರೆಯವರೂ ಹಾಗೆ ಅನ್ನದಂತೆ ನೋಡಿಕೊಂಡರು. ಇದು ಆಸ್ಪತ್ರೆಯ ಯಾವ ನಿಯಮಾವಳಿಯಲ್ಲೂ ಇಲ್ಲ. ಬೈಸಿಕೊಳ್ಳಬೇಕಾಗುತ್ತದೆ ಎಂಬ ಅಂಜಿಕೆಯಿಂದಲೇ ಒಂದೆರಡು ದಿನ ತಡಮಾಡಿದೆವು ಎಂದು ಮಗ ಮುಂದೆ ಹೇಳಿದ.

ಬೆಳಿಗ್ಗೆ ಡ್ರೆಸಿಂಗ್ ಮಾಡುವಾಗ ಆ ಸಿಸ್ಟರ್ ಗಾರ್ಡನ್ನು ಸುಮ್ಮನಿರಿಸಿ ಮಗ ಸೊಸೆ ಇಬ್ಬರನ್ನೂ ಪರದೆಯ ಒಳಗೆ ಕರೆದರು, ತಾಯಿಯ ಒಪ್ಪಿಗೆ ಕೇಳಿಯೇ. ಪಿ.ಜಿ. ವೈದ್ಯೆ ಪಾದದ ಸ್ಪರ್ಶಜ್ಞಾನ ಪರೀಕ್ಷಿಸುವ ಮಾನೋಫಿಲಮೆಂಟ್ ತಂದಿದ್ದರು. ಹಿಡಿಗೆ ಸಿಕ್ಕಿಸಿದ ತುಂಡು ನೈಲಾನ್ ಎಳೆ, ಅಷ್ಟೇ. ಅದನ್ನು ಮೊದಲು ಮಗನ ಅಂಗೈಗೆ ಬಾಗುವಷ್ಟು ಒತ್ತಿ ತೋರಿಸಿದರು. ಆಮೇಲೆ, “ಅಮ್ಮಾ, ಕಣ್ಣು ಮುಚ್ಕೊಳ್ಳಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ.” ಮೊಣಕೈಗೆ ಮುಟ್ಟಿಸಿದಾಗ ಹೂಂ. ಎಡಪಾದದಲ್ಲಿ ಒಂದೆರಡು ಕಡೆ ಹೂಂ. ಬಲಪಾದದಲ್ಲಿ ಎಲ್ಲಿ ಒತ್ತಿದರೂ ತಾಯಿ ಇನ್ನೂ ಕಾಯುತ್ತಲೇ ಇದ್ದರು. ಮಗ ತಾನೇ ಎಳೆಯನ್ನು ಇಸಿದುಕೊಂಡು ಒತ್ತಿದ. “ಅಮ್ಮಾ, ಇಲ್ಲಿ?” ಉತ್ತರವಿಲ್ಲ.

ವೈದ್ಯೆ ಮಾಡಿದ ಎರಡನೆಯ ಕೆಲಸ ಇನ್ನೂ ಸರಳ. ಕಾಲಿನ ಮೇಲೆ ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರು. ಸೋಂಕು ಹರಡುವುದನ್ನು ಗಮನಿಸಲು ವೈದ್ಯರು ದಿನಾ ಮಾಡುವುದೇ ಅದು. ಬೇರೆಯಾದದ್ದು ಇಷ್ಟೇ: “ಇದನ್ನ ನೀವೂ ನೋಡ್ತಿರಿ” ಎಂದು ಸೊಸೆಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕೆಂಪು ಆ ಗೆರೆಯನ್ನು ದಾಟಿತ್ತು. ಅದನ್ನು ಮೊದಲು ಕಂಡು ಓಡಿ ಬಂದು ಹೇಳಿದವಳು ಸೊಸೆ.

ಮಗ ಅದೇ ಹಳೆಯ ಪ್ರಶ್ನೆ ಕೇಳಿದ. ಈ ಸಲ ವೈದ್ಯೆ, “ಯಾರಿಗಾದ್ರೂ ಹಾಗೆ ಆಗಿದ್ದು ನೋಡಿದೀರಾ?” ಎಂದರು. ಪಕ್ಕದ ಮಂಚದ ಕತೆ ಹೊರಬಂತು. ಆ ರೋಗಿಯ ವಿವರ ಬಿಟ್ಟುಕೊಡದೆ, ಕೆಲವರ ಕಾಲಿಗೆ ರಕ್ತ ಹೋಗುವ ದಾರಿಯೇ ಮುಚ್ಚಿರುತ್ತದೆ, ಅಂಥವರಿಗೆ ಗಾಯ ಮಾಯುವುದಿಲ್ಲ; ಇವರಿಗೆ ಮಂಡಿಯ ಹಿಂದೆ ನಾಡಿ ಚೆನ್ನಾಗಿದೆ, ಆದ್ದರಿಂದ ಮಂಡಿಯ ಕೆಳಗೆ ತೆಗೆದರೆ ಮಾಯುವ ಭರವಸೆ ಇದೆ, ಪೂರ್ತಿ ಖಾತ್ರಿ ಇಲ್ಲ ಎಂದು ವಿವರಿಸಿದರು. ‘ಗ್ಯಾರಂಟಿ ಇಲ್ಲ’ ಎಂಬ ಮಾತು ಇಲ್ಲಿಯೂ ಬಂತು. ಅದರ ಹಿಂದೆ ಮುಂದೆ ಬೇರೆ ಮಾತುಗಳಿದ್ದವು.

ಅಂದೇ ಆಪರೇಷನ್ ಆಯಿತು. ತಾಯಿ ಬದುಕಿದರು, ಗಾಯ ಮಾಯಿತು. ಮನೆಗೆ ಹೋಗುವಷ್ಟರಲ್ಲಿ ಸೊಸೆ ಇನ್ಸುಲಿನ್ ಚುಚ್ಚುವುದನ್ನೂ ಎಡಪಾದವನ್ನು ದಿನಾ ತಿರುಗಿಸಿ ನೋಡುವುದನ್ನೂ ಕಲಿತಿದ್ದಳು.

ಸಮೀಕ್ಷೆ ಹೇಳಿದ್ದು, ಮನೆಯಲ್ಲಿ ಕೇಳಿದ್ದು

ಎರಡನೆಯ ಬಿಡುಗಡೆಯ ದಿನ ತುಂಬಿದ ಅಭಿಪ್ರಾಯ ಪತ್ರ ಕಡತದಲ್ಲಿದೆ. ಸ್ವಚ್ಛತೆ: ಉತ್ತಮ. ವೈದ್ಯರ ನಡವಳಿಕೆ: ಉತ್ತಮ. ಒಟ್ಟಾರೆ: ಉತ್ತಮ. ಮಂಚದ ಪಕ್ಕ ನಿಂತು ಕೇಳಿ ತುಂಬಿದವರು ವಾರ್ಡಿನ ಸಿಬ್ಬಂದಿಯೇ. ನಾಳೆ ಹೊಲಿಗೆ ಬಿಚ್ಚಿಸಲು ಬರಬೇಕಾದ ಜಾಗದಲ್ಲಿ ಯಾರು ‘ಕಳಪೆ’ ಎನ್ನುತ್ತಾರೆ? ಅದಕ್ಕಿಂತ ಗಂಭೀರವಾದದ್ದು, ಮೊದಲ ಸಲ ಹೋದಾಗಿನ ಪತ್ರವೇ ಇಲ್ಲದಿರುವುದು. ಸಲಹೆ ಮೀರಿ ಹೋದವರನ್ನು ಸಮೀಕ್ಷೆ ಕೇಳುವುದೇ ಇಲ್ಲ. ಹೆಚ್ಚು ಬೇಸರಗೊಂಡವರೆಲ್ಲ ಲೆಕ್ಕದಿಂದ ಹೊರಗೆ ಉಳಿದು, ಅಂಕ ಮಾತ್ರ ವರ್ಷವರ್ಷವೂ ಚೆನ್ನಾಗಿ ಬರುತ್ತದೆ.

ಕೆಲವು ವಾರ ಬಿಟ್ಟು, ಆಸ್ಪತ್ರೆಯ ಕೋಟು ಗುರುತುಚೀಟಿ ಇಲ್ಲದ ಸಂದರ್ಶಕಿಯೊಬ್ಬರು ಮನೆಗೆ ಹೋಗಿ ಮಾತಾಡಿಸಿದರು. ಮೇಲಿನ ವಿವರಗಳಲ್ಲಿ ಬಹುಪಾಲು ಆಗ ಸಿಕ್ಕಿದ್ದು. ಮಗನೂ ಸೊಸೆಯೂ ಹೇಳಿ ಮುಗಿಸಿದ ಮೇಲೆ ತಾಯಿ ಹೇಳಿದ್ದು ಹೀಗೆ: “ಕಾಲು ನಂದು. ಹೋಗೋಣ ಅಂದೋನು ಮಗ, ಇರೋಣ ಅಂದೋನು ಮಗ. ನನ್ನ ಯಾರಾದ್ರೂ ಕೇಳಿದ್ರಾ?”

ಅಲ್ಲಿಯವರೆಗೆ ತಂಡದ ಟಿಪ್ಪಣಿಗಳಲ್ಲಿ ಸಮಸ್ಯೆಯ ಹೆಸರು ‘ಕುಟುಂಬದೊಂದಿಗೆ ಸಂವಹನ’ ಎಂದಿತ್ತು. ಆ ಮಾತಿನ ನಂತರ ಹಾಗೆ ಬರೆಯಲಾಗಲಿಲ್ಲ. ಮೊದಲ ರೌಂಡ್ಸಿನಲ್ಲಿ ವೈದ್ಯರು ಮಾತಾಡಿದ್ದು ತಾಯಿಯ ಜೊತೆಗೇ, ನಿಜ. ಆದರೆ ಕೇಳಿದ್ದು ‘ಮನೆಯವರು ಯಾರಿದಾರೆ’ ಎಂದು. ಬಿಡುಗಡೆ ಪತ್ರದಲ್ಲಿ ಸಹಿ ಮಗನದು. ತಾಯಿಗೆ ಆಗ ಪ್ರಜ್ಞೆ ಸ್ಪಷ್ಟವಾಗಿತ್ತು, ಸಹಿ ಹಾಕಲು ಬರುತ್ತಿತ್ತು. ಸುದ್ದಿ ರೋಗಿಗೆ, ನಿರ್ಧಾರ ಮಗನಿಗೆ, ಆರೈಕೆ ಸೊಸೆಗೆ ಎಂದು ಹಂಚಿಹೋಗಿ, ಮೂವರಲ್ಲಿ ಯಾರ ಬಳಿಯೂ ಪೂರ್ತಿ ಚಿತ್ರ ಇರಲಿಲ್ಲ.

ವಾರ್ಡು ಮಾಡಿ ನೋಡಿದ್ದು

ಮೊದಲು ಮಾಡಿದ್ದು ಎಲ್ಲ ಆಸ್ಪತ್ರೆಗಳೂ ಮೊದಲು ಮಾಡುವುದನ್ನೇ: ಮಧುಮೇಹ ಪಾದದ ಬಣ್ಣದ ಫಲಕ, ಸಲಹಾ ಪೆಟ್ಟಿಗೆ. ಫಲಕವನ್ನು ಯಾರೂ ನಿಂತು ಓದಲಿಲ್ಲ, ಪೆಟ್ಟಿಗೆಯಲ್ಲಿ ಫ್ಯಾನು ಸರಿಯಿಲ್ಲ ಎಂಬ ಚೀಟಿ ಸಿಕ್ಕಿತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಎರಡನೆಯ ಸುತ್ತಿನಲ್ಲಿ ಹಿರಿಯ ಸಿಸ್ಟರ್ ಹೇಳಿದ್ದನ್ನು ಕೇಳಿದರು. ದಾಖಲಾಗುವಾಗಲೇ ರೋಗಿಗೆ ಒಂದು ಪ್ರಶ್ನೆ: “ನಿಮ್ಮ ಕಾಯಿಲೆ ವಿಷಯ ನಿಮ್ಮ ಜೊತೆ ಇನ್ಯಾರಿಗೆ ಹೇಳ್ಬೇಕು?” ಉತ್ತರ ಕೇಸ್ ಶೀಟಿನ ಮೊದಲ ಪುಟದಲ್ಲಿ. ಆ ವ್ಯಕ್ತಿಗೆ ಮಂಚದ ಸಂಖ್ಯೆ ಇರುವ ಕಾರ್ಡು. ರೌಂಡ್ಸ್ ಯಾವ ಮಂಚಕ್ಕೆ ಬರುತ್ತದೋ ಆ ಮಂಚದ ಕಾರ್ಡಿನವರು ಮಾತ್ರ ಒಳಗೆ, ಗಂಡಸಾದರೆ ಪರದೆ ಹಾಕಿದ ಮೇಲೆ. ದೊಡ್ಡ ತೀರ್ಮಾನವಿದ್ದರೆ ಮಧ್ಯಾಹ್ನ ಒಂದು ನಿಗದಿತ ಹೊತ್ತಿನಲ್ಲಿ ಪಿ.ಜಿ. ವೈದ್ಯರು ಕೂತು ಹೇಳುವುದು, ಹೇಳಿ ಮುಗಿಸಿ “ಮನೆಗೆ ಫೋನ್ ಮಾಡಿ ಏನಂತ ಹೇಳ್ತೀರ, ನಂಗೆ ಹೇಳಿ” ಎಂದು ಕೇಳುವುದು. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ಆಯಿತು ಅನ್ನುತ್ತಾರೆ. ಹೀಗೆ ಕೇಳಿದಾಗ ಬೆರಳು ಕಾಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಲಹೆ ಮೀರಿ ಹೋಗುವವರಿಗೂ ಅಪಾಯದ ಲಕ್ಷಣಗಳ ಚೀಟಿ, ಔಷಧ, ‘ಯಾವಾಗ ಬೇಕಾದರೂ ಬನ್ನಿ’ ಎಂಬ ಮಾತು.

ವಿರೋಧ ಬಂದದ್ದು ನಿರೀಕ್ಷಿಸಿದ ಕಡೆಯಿಂದಲೇ. ರೌಂಡ್ಸ್ ಉದ್ದವಾಗುತ್ತದೆ ಎಂದರು ವೈದ್ಯರು. ಅವರ ಭಯ ಸುಳ್ಳಲ್ಲ. 67 ದೇಶಗಳ ಪ್ರಾಥಮಿಕ ಚಿಕಿತ್ಸೆಯ ಮಾಹಿತಿ ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆಯಲ್ಲಿ ಒಬ್ಬ ರೋಗಿಗೆ ವೈದ್ಯರು ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಅಂಥ ಒತ್ತಡದಲ್ಲಿ ಕೆಲಸ ಮಾಡುವವರ ಮುಂದೆ ‘ಇನ್ನಷ್ಟು ಮಾತಾಡಿ’ ಎನ್ನುವುದು ಸುಲಭದ ಉಪದೇಶ. ಆದರೆ ಮೊದಲ ತಿಂಗಳು ಕಳೆದ ಮೇಲೆ ಪಿ.ಜಿ.ಗಳೇ ಹೇಳಿದ್ದು, ದಿನವಿಡೀ ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳುವವರ ಸಂಖ್ಯೆ ಕಡಿಮೆಯಾಯಿತು ಎಂದು.

ಗಾರ್ಡುಗಳ ವಿರೋಧ ಬಾಯಿಬಿಟ್ಟು ಬರಲಿಲ್ಲ. ಒಳಗೆ ಬಿಡುವ ಬಿಡದಿರುವ ಅಧಿಕಾರಕ್ಕೆ ಅಲ್ಲಿ ಬೆಲೆಯಿತ್ತು. ಕೆಲವೇ ವಾರಗಳಲ್ಲಿ ಕಾರ್ಡುಗಳೇ ಕೈಬದಲಾಗತೊಡಗಿದವು. ಒಂದೇ ಮಂಚಕ್ಕೆ ಎರಡು ಕಾರ್ಡು ಕಂಡಾಗ ವಿಷಯ ಬಯಲಾಯಿತು. ಆಮೇಲೆ ಕಾರ್ಡು ಕೊಡುವುದು ಪಡೆಯುವುದು ಎರಡನ್ನೂ ಸಿಸ್ಟರ್ ಟೇಬಲ್ಲಿಗೆ ತಂದರು. ಸಿಸ್ಟರುಗಳ ಕೆಲಸ ಅಷ್ಟು ಹೆಚ್ಚಿತು.

ಆ ವಾರ್ಡಿನಿಂದ ಸಲಹೆ ಮೀರಿ ಹೋಗುವವರು ಕಡಿಮೆಯಾಗಿದ್ದಾರೆ. ಅದೇ ಅವಧಿಯಲ್ಲಿ ಆ್ಯಂಟಿಬಯಾಟಿಕ್ ಸರಬರಾಜು ಸುಧಾರಿಸಿತು, ಒಬ್ಬ ವೈದ್ಯರೂ ಹೆಚ್ಚಾದರು. ಯಾವುದಕ್ಕೆ ಎಷ್ಟು ಶ್ರೇಯ ಎಂದು ಬಿಡಿಸಿ ಹೇಳಲಾಗದು. ಸ್ಟ್ರೆಚರಿನ ವ್ಯವಹಾರ ಹಾಗೇ ಇದೆ. ಯೂನಿಟ್ ಮುಖ್ಯಸ್ಥರು ರಜೆಯಲ್ಲಿದ್ದಾಗ ಮಧ್ಯಾಹ್ನದ ಮಾತುಕತೆ ತಪ್ಪುತ್ತದೆ. ಹಿರಿಯ ಸಿಸ್ಟರಿಗೆ ವರ್ಗವಾದಾಗ ಅದು ಪೂರ್ತಿ ನಿಂತೇ ಹೋಗಿತ್ತು; ಮತ್ತೆ ಶುರುವಾಗಲು ಬಹಳ ಕಾಲ ಹಿಡಿಯಿತು.

ಬೇರೆಯವರಿಗೆ ಉಪಯೋಗಕ್ಕೆ ಬರಬಹುದಾದದ್ದು

ಕುಟುಂಬವನ್ನು ಚಿಕಿತ್ಸೆಯ ಒಳಕ್ಕೆ ತರುವುದು ಹೊಸ ಯೋಚನೆಯಲ್ಲ, ಶ್ರೀಮಂತ ದೇಶಗಳಿಂದ ಬಂದದ್ದೂ ಅಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಇನ್‌ಕ್ಯುಬೇಟರುಗಳೂ ಸಿಬ್ಬಂದಿಯೂ ಸಾಲದೆ ಬಂದಾಗ ಡಾ. ಎಡ್ಗರ್ ರೇ ಅವಧಿಪೂರ್ವ ಶಿಶುಗಳನ್ನು ತಾಯಂದಿರ ಎದೆಗೆ ಒತ್ತಿ ಕಟ್ಟಿಸಿದರು. ಅದುವರೆಗೆ ಗಾಜಿನಾಚೆ ನಿಂತು ನೋಡುತ್ತಿದ್ದ ತಾಯಿಯೇ ಚಿಕಿತ್ಸೆಯಾದಳು. ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಇಂದು ಅದು ಜಗತ್ತಿನ ಎಲ್ಲೆಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2000ದ ವರದಿ ಕೂಡ ಆರೋಗ್ಯ ವ್ಯವಸ್ಥೆಯೊಂದು ಜನರಿಗೆ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯುವಾಗ ಘನತೆ, ಗೋಪ್ಯತೆ, ಸ್ವಂತ ನಿರ್ಧಾರದ ಹಕ್ಕುಗಳ ಜೊತೆಗೆ ‘ತನ್ನವರ ಆಸರೆ’ಯನ್ನೂ ಎಣಿಸಿತ್ತು.

ಆದರೆ ಇದನ್ನು ಅನುಸರಿಸುವವರಿಗೆ ಎರಡು ಎಚ್ಚರಿಕೆ. ಮನೆಯವರು ಗಾಯ ಕಟ್ಟಲು ಕಲಿತರು ಎಂಬ ಕಾರಣಕ್ಕೆ ಖಾಲಿ ಬಿದ್ದ ನರ್ಸ್ ಹುದ್ದೆ ಹಾಗೇ ಉಳಿದರೆ, ಬಡವರ ಬಿಟ್ಟಿ ದುಡಿಮೆಗೆ ಒಳ್ಳೆಯ ಹೆಸರಿಟ್ಟಂತಾಗುತ್ತದೆ. ಆ ದುಡಿಮೆ ಬಹುಪಾಲು ಹೆಂಗಸರದು. ಈ ಪ್ರಕರಣದ ಸೊಸೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕೂಲಿ ಕಳೆದುಕೊಂಡಳು, ಅದನ್ನು ಯಾವ ಬಿಲ್ಲೂ ತೋರಿಸುವುದಿಲ್ಲ. ಇನ್ನೊಂದು, ಕುಟುಂಬಕ್ಕೆ ಹೇಳುವ ಭರದಲ್ಲಿ ರೋಗಿಯನ್ನು ದಾಟಿಹೋಗುವುದು. ಹಾಗಾಗಿಯೇ ಕಾರ್ಡು ಯಾರಿಗೆ ಎಂಬ ಪ್ರಶ್ನೆ ರೋಗಿಗೇ ಹೋಗಬೇಕು, ಮತ್ತು ‘ಯಾರಿಗೂ ಬೇಡ’ ಎಂಬ ಉತ್ತರಕ್ಕೂ ಅಲ್ಲಿ ಜಾಗ ಬೇಕು. ಅಂಥ ಉತ್ತರ ಬಂದಾಗ ಮಂಚದ ಪಕ್ಕ ಯಾರು ಕೂರಬೇಕು ಎಂಬುದು ಆ ವಾರ್ಡಿನಲ್ಲಿ ಇನ್ನೂ ಬಗೆಹರಿದಿಲ್ಲ.

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನ 2018ರ ಆಯೋಗದ ಅಂದಾಜಿನಂತೆ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸರಿಯಾದ ಚಿಕಿತ್ಸೆಯಿಂದ ತಪ್ಪಿಸಬಹುದಾದ ಸಾವುಗಳು ವರ್ಷಕ್ಕೆ 86 ಲಕ್ಷ. ಅದರಲ್ಲಿ ಸುಮಾರು 50 ಲಕ್ಷ ಆಸ್ಪತ್ರೆಗೆ ಹೋಗಿಯೂ ಒಳ್ಳೆಯ ಚಿಕಿತ್ಸೆ ಸಿಗದವರದು, 36 ಲಕ್ಷ ಹೋಗದೇ ಉಳಿದವರದು. ಈ ತಾಯಿ ಬಂದರು, ಹೋದರು, ಮತ್ತೆ ಬಂದರು. ಊರಿನಲ್ಲೇ ತೀರಿಕೊಂಡಿದ್ದರೆ ಅವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಿದ್ದೆವು? ಚಿಕಿತ್ಸೆ ಪಡೆಯದವರ ಸಾಲಿಗೆ, ಬಹುಶಃ. ಸಲಹೆ ಮೀರಿ ಹೋದವರ ಕಡತಗಳನ್ನು ತಿಂಗಳಿಗೊಮ್ಮೆ ತೆಗೆದು, ಸಾಧ್ಯವಾದವರಿಗೆ ಹೊರಗಿನವರಿಂದ ಫೋನ್ ಮಾಡಿಸಿ ಯಾಕೆ ಹೋದಿರಿ ಎಂದು ಕೇಳುವ ಕೆಲಸ ಈಗ ಆ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಇತರ ಆಸ್ಪತ್ರೆಗಳು ಈ ಪ್ರಕರಣದಿಂದ ಒಂದನ್ನೇ ಎತ್ತಿಕೊಳ್ಳುವುದಾದರೆ ನಾನು ಅದನ್ನೇ ಸೂಚಿಸುತ್ತೇನೆ. ಅದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಟ್ಟಡವೂ ಬೇಡ. ಕೇಳುವವರು ವಾರ್ಡಿನವರಾಗಿರಬಾರದು, ಅಷ್ಟೇ.